ಅಡಿಗಲ್ಲಿನ ಚರಿತ್ರೆ: ಕಲ್ಯಾಣ ಮತ್ತು ಹುಮನಾಬಾದ ಸೀಮೆಯಲ್ಲಿ ಮನೆ ಕಟ್ಟುವ ಮೊದಲ ಹಂತಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಈ ಗಾದೆಯನ್ನು ನಾವು ಬಹುಮಟ್ಟಿಗೆ ಖರ್ಚುವೆಚ್ಚದ ಮಾತಾಗಿಯೇ ಆಡುತ್ತೇವೆ. ಆದರೆ ಅದರಲ್ಲಿ ಬೇರೊಂದು ಅರ್ಥವೂ ಅಡಗಿದೆ. ಹಂದರದ ಕೆಳಗೆ ಕಾಣುವ ಸಂಭ್ರಮಕ್ಕಿಂತ, ಅದಕ್ಕೂ ಮೊದಲು ಹಿರಿಯರು ಕೂಡಿ ಕುಳಿತು ಕೇಳಿ ತಿಳಿದು ನಿಶ್ಚಯಿಸಿದ ಸಂಗತಿಗಳೇ ದಂಪತಿಗಳ ಮುಂದಿನ ಬಾಳಿಗೆ ಆಧಾರವಾಗುತ್ತವೆ. ಮನೆಯ ವಿಷಯವೂ ಹಾಗೆಯೇ. ಗೃಹಪ್ರವೇಶದ ದಿನ ಬಂಧುಗಳು ಮೆಚ್ಚುವ ಬಣ್ಣ, ಬಾಗಿಲು, ನೆಲಹಾಸುಗಳಿಗಿಂತ, ಅದಕ್ಕೂ ಮೊದಲು ನೆಲದೊಳಗೆ ನಡೆದುಹೋದ, ಇನ್ನೆಂದೂ ಕಣ್ಣಿಗೆ ಬೀಳದ ಕೆಲಸವೇ ಆ ಮನೆಯ ಆಯುಷ್ಯವನ್ನು ನಿರ್ಧರಿಸುತ್ತದೆ.

ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಟ್ಟಿ ಮುಗಿದ ಕಟ್ಟಡಗಳನ್ನು ಕುರಿತು ಬರೆಯುತ್ತಾರೆ. ಶಿಖರ, ಕಂಬ, ಕಮಾನುಗಳ ವರ್ಣನೆ ಗ್ರಂಥಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಆದರೆ ಗುದ್ದಲಿ ನೆಲಕ್ಕೆ ಬಿದ್ದಂದಿನಿಂದ ಬಾಗಿಲ ಚೌಕಟ್ಟು ಎದ್ದು ನಿಲ್ಲುವವರೆಗಿನ ಕೆಲಸಕ್ಕೂ ಒಂದು ಚರಿತ್ರೆಯಿದೆ. ವಾಚಕರೇ, ನಿಮ್ಮಲ್ಲಿ ಅನೇಕರು ಇಂದು ನಿವೇಶನವನ್ನು ಕೊಂಡು ಸ್ವಂತ ಸೂರಿನ ಆಲೋಚನೆಯಲ್ಲಿರಬಹುದು. ಇನ್ನು ಕೆಲವರು ಅಜ್ಜನ ಕಾಲದ ಕಲ್ಲಿನ ಮನೆಯಲ್ಲಿಯೇ ವಾಸವಾಗಿರಬಹುದು. ಇಬ್ಬರಿಗೂ ಈ ಚರಿತ್ರೆಯು ಹೇಳಬೇಕಾದ ಮಾತೊಂದಿದೆ. ಅದನ್ನು ಬಸವಕಲ್ಯಾಣ ಮತ್ತು ಹುಮನಾಬಾದ ಸೀಮೆಯ ನೆಲದ ಮೇಲೆ ನಿಂತು ಹೇಳುವುದು ಈ ಲೇಖನದ ಉದ್ದೇಶ.

ಅರಮನೆ ಅಳಿಯಿತು, ನೆಲ ಉಳಿಯಿತು

11ನೆಯ ಶತಮಾನದ ನಡುಭಾಗದಲ್ಲಿ ಆಹವಮಲ್ಲನೆಂಬ ಬಿರುದಿನ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನು ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಐವತ್ತು ವರ್ಷಗಳ ಕಾಲ ಇಲ್ಲಿಂದಲೇ ಆಳಿದನು. ಕಾಶ್ಮೀರದಿಂದ ಬಂದು ಅವನ ಆಸ್ಥಾನದಲ್ಲಿ ನೆಲೆಸಿದ ಬಿಲ್ಹಣ ಕವಿಯು ‘ವಿಕ್ರಮಾಂಕದೇವಚರಿತ’ದಲ್ಲಿ ಈ ನಗರವನ್ನು ಬಾಯ್ತುಂಬ ಹೊಗಳಿದ್ದಾನೆ. 12ನೆಯ ಶತಮಾನದಲ್ಲಿ, ಕಳಚುರಿ ಬಿಜ್ಜಳನ ಕಾಲಕ್ಕೆ, ಇದೇ ಊರಿನಲ್ಲಿ ಬಸವಣ್ಣನವರ ‘ಮಹಾಮನೆ’ ಇತ್ತು. ಮನೆಯೆಂಬ ಸಾಮಾನ್ಯ ಶಬ್ದಕ್ಕೆ ಅಷ್ಟು ದೊಡ್ಡ ಅರ್ಥ ಬಂದದ್ದು ಕಲ್ಯಾಣದಲ್ಲಿಯೇ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಆದರೆ ಇಂದು ಕಲ್ಯಾಣಕ್ಕೆ ಹೋದವರು ಚಾಲುಕ್ಯ ಚಕ್ರವರ್ತಿಯ ಅರಮನೆಯನ್ನು ಕಾಣಲಾರರು. ಮಹಾಮನೆಯ ಗೋಡೆ ಇದೇ ಎಂದು ನಿಸ್ಸಂಶಯವಾಗಿ ಕೈಮಾಡಿ ತೋರಿಸಬಲ್ಲ ಒಂದು ಕಲ್ಲೂ ಉಳಿದಿಲ್ಲ. ಈಗಿರುವ ಕೋಟೆಯು ಹಳೆಯ ನೆಲೆಯ ಮೇಲೆ ಅನಂತರದ ಅರಸರು ಮತ್ತೆ ಮತ್ತೆ ಕಟ್ಟಿ, ತಿದ್ದಿ, ವಿಸ್ತರಿಸಿದ್ದು. ಸಾಮಾನ್ಯರ ಮನೆಗಳ ಮಾತಂತೂ ಹೇಳಬೇಕಾದುದಿಲ್ಲ. ಮಣ್ಣು ಮಣ್ಣಿಗೆ ಸೇರಿತು. ಮರ ಗೆದ್ದಲಿಗೆ ಆಹಾರವಾಯಿತು. ಕಲ್ಲು ಮುಂದಿನ ತಲೆಮಾರಿನ ಗೋಡೆಗೆ ಹೋಯಿತು. ಕಟ್ಟಿದ ಗುಡಿಗೂ ನಡೆಯುವ ದೇಹಕ್ಕೂ ಇರುವ ಅಂತರವನ್ನು ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ಹೇಳಿದ್ದನ್ನು ವಾಚಕರು ಬಲ್ಲರು. ಕಲ್ಯಾಣದ ಬೀದಿಗಳೇ ಅದಕ್ಕೆ ಸಾಕ್ಷಿಯಾಗಿವೆ.

ಹಾಗಾದರೆ ಉಳಿದದ್ದಾದರೂ ಯಾವುದು? ಬಸವಕಲ್ಯಾಣದ ಹತ್ತಿರದ ನಾರಾಯಣಪುರದಲ್ಲಿಯೂ ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯಲ್ಲಿಯೂ ಚಾಲುಕ್ಯರ ಕಾಲದ ದೇವಾಲಯಗಳು ಇಂದಿಗೂ ನಿಂತಿವೆ. ಜಲಸಂಗ್ವಿಗೆ ಹೋದವರು ಹೊರಗೋಡೆಯ ಮದನಿಕೆಯರನ್ನು, ಅದರಲ್ಲಿಯೂ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿರುವ ಶಿಲಾಸುಂದರಿಯನ್ನು ನೋಡಿ ಮನದಣಿಯುತ್ತಾರೆ. ಮುಂದಿನ ಸಲ ಹೋದಾಗ ಆಕೆಯ ಪಾದದ ಕೆಳಗೂ ಒಮ್ಮೆ ನೋಡಿರಿ. ಮೇಲಿನ ಸಮಸ್ತ ಸೌಂದರ್ಯವನ್ನು ಹೊತ್ತು ನಿಂತಿರುವುದು ಕೆಳಗಿನ ಅಧಿಷ್ಠಾನದ ಸಾಲುಗಲ್ಲುಗಳು; ಆ ಸಾಲುಗಲ್ಲುಗಳನ್ನು ಹೊತ್ತಿರುವುದು ನಮಗೆ ಕಾಣದ ಬುನಾದಿ. ಒಂಬತ್ತು ನೂರು ವರ್ಷಗಳ ಹಿಂದೆ ಹೆಸರು ತಿಳಿಯದ ಕೆಲಸಗಾರರು ಅಗೆದು ತುಂಬಿದ ಆ ಗುಂಡಿಗೆ ಮದನಿಕೆಯು ಋಣಿಯಾಗಿದ್ದಾಳೆ.

ಮೊದಲ ಹೆಜ್ಜೆ: ಗಡಿ

ಮನೆಯ ಕೆಲಸ ಕಲ್ಲಿನಿಂದ ಪ್ರಾರಂಭವಾಗುವುದಿಲ್ಲ, ಗಡಿಯಿಂದ ಪ್ರಾರಂಭವಾಗುತ್ತದೆ. ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಮತ್ತರು ಲೆಕ್ಕದ ಹೊಲ, ತೋಂಟ, ಗಾಣಗಳ ಜೊತೆಗೆ ಮನೆಯ ನಿವೇಶನಗಳನ್ನೂ ದಾನವಾಗಿ ಕೊಟ್ಟ ಉಲ್ಲೇಖಗಳಿವೆ. ಕೊಟ್ಟ ಭೂಮಿಯ ಎಲ್ಲೆಯನ್ನು ದಿಕ್ಕು ದಿಕ್ಕಿಗೆ ಹೇಳುವುದು ಆ ಶಾಸನಗಳ ಪದ್ಧತಿ. ಇಂದು ನಾವು ಖರೀದಿ ಪತ್ರದಲ್ಲಿ ಬರೆಸುವ ‘ಚೆಕ್ಕುಬಂದಿ’ಯು ಆ ಪರಂಪರೆಯದೇ ಮುಂದುವರಿಕೆ.

ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಭಾರತದ ಬಹುಭಾಗದಲ್ಲಿ ಹಿಂದೂ ದಾಯಭಾಗದ ನ್ಯಾಯಕ್ಕೆ ಆಧಾರವಾದ ಗ್ರಂಥವೆಂದು ವಕೀಲರೆಲ್ಲರೂ ಬಲ್ಲರು. ಆದರೆ ಅದರಲ್ಲಿ ಎಲ್ಲೆಯ ವಿವಾದವನ್ನು ಕುರಿತ ಪ್ರಕರಣವೂ ಇದೆಯೆಂಬುದನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಗಡಿಯನ್ನು ಗುರುತಿಸಲು ಇದ್ದಲು, ಹೊಟ್ಟು, ಮರ, ಒಡ್ಡು, ಹುತ್ತ, ತಗ್ಗು, ಎಲುಬು ಮೊದಲಾದ ಗುರುತುಗಳನ್ನು ಅಲ್ಲಿ ಹೇಳಲಾಗಿದೆ. ಮಣ್ಣಿನಲ್ಲಿ ಹುಗಿದ ಇದ್ದಲು ಕೊಳೆಯುವುದಿಲ್ಲ, ಗೆದ್ದಲು ಅದನ್ನು ತಿನ್ನುವುದಿಲ್ಲ. ಮೇಲಿನ ಕಲ್ಲನ್ನು ರಾತ್ರೋರಾತ್ರಿ ಸರಿಸಿದವನಿಗೂ ಕೆಳಗಿನ ಕರಿಗೆರೆಯನ್ನು ಸರಿಸಲಾಗದು. ವಿವಾದ ಬಂದಾಗ ಕೇಳಬೇಕಾದ ಸಾಕ್ಷಿಗಳೆಂದರೆ ನೆರೆಯವರು, ವೃದ್ಧರು, ದನಗಾಹಿಗಳು, ಆ ಎಲ್ಲೆಯ ಬಳಿ ಉಳುವವರು, ಕಾಡಿನಲ್ಲಿ ತಿರುಗುವವರು. ನೆಲವನ್ನು ದಿನವೂ ಮೆಟ್ಟುವವನೇ ನೆಲದ ನಿಜವಾದ ಸಾಕ್ಷಿ ಎಂಬ ತತ್ತ್ವವನ್ನು ಅಷ್ಟು ಹಿಂದೆಯೇ ಒಪ್ಪಿದ್ದರು.

ಇಂದು ಮೋಜಣಿದಾರರು ಬಂದು ಹದ್ದುಬಸ್ತು ಮಾಡಿ ಕಲ್ಲು ನೆಡುತ್ತಾರೆ. ಹಾಗಿದ್ದರೂ ನೆರೆಯವರನ್ನು ಕರೆದು, ಅವರ ಎದುರಿಗೆ ಹಗ್ಗ ಹಿಡಿಯುವ ಹಳೆಯ ರೂಢಿಯನ್ನು ಬಿಡಬಾರದು. ಅಡಿಗಲ್ಲು ಇಡುವ ಮೊದಲು ಅರ್ಧ ದಿನ ಗಡಿಗೆ ಕೊಟ್ಟವನು ಮುಂದೆ ಹತ್ತು ವರ್ಷ ಕೋರ್ಟಿಗೆ ಕೊಡಬೇಕಾಗುವುದಿಲ್ಲ.

ಎರಡನೆಯ ಹೆಜ್ಜೆ: ಶಂಕು

ಮಂತ್ರಿಗಳೂ ಮಠಾಧೀಶರೂ ಅಡಿಗಲ್ಲು ಇಟ್ಟ ಸುದ್ದಿಯನ್ನು ಪತ್ರಿಕೆಗಳು ‘ಶಂಕುಸ್ಥಾಪನೆ’ ಎಂದು ಬರೆಯುತ್ತವೆ. ಇಡುವುದು ಕಲ್ಲು, ಹೆಸರು ಮಾತ್ರ ಶಂಕುವಿನದು. ಶಂಕುವೆಂದರೆ ಗೂಟ. ಈ ಶಬ್ದದಲ್ಲಿ ಮನೆ ಕಟ್ಟುವ ಹಳೆಯ ವಿದ್ಯೆಯೊಂದು ಹುದುಗಿ ಕುಳಿತಿದೆ.

ಹಿಂದಿನ ಶಿಲ್ಪಿಗಳು ನಿವೇಶನವನ್ನು ಮಟ್ಟಮಾಡಿ, ನಡುವೆ ಸಾಮಾನ್ಯವಾಗಿ ಹನ್ನೆರಡು ಅಂಗುಲ ಎತ್ತರದ ನೆಟ್ಟನೆಯ ಗೂಟವೊಂದನ್ನು ನೆಟ್ಟು, ಅದರ ಸುತ್ತ ಒಂದು ವೃತ್ತವನ್ನು ಎಳೆಯುತ್ತಿದ್ದರು. ಬೆಳಿಗ್ಗೆ ಗೂಟದ ನೆರಳು ಉದ್ದವಾಗಿರುತ್ತದೆ. ಹೊತ್ತೇರಿದಂತೆ ಅದು ಕುಗ್ಗುತ್ತ ಬಂದು ನೆರಳಿನ ತುದಿ ವೃತ್ತವನ್ನು ಮುಟ್ಟಿದಾಗ ಅಲ್ಲಿ ಒಂದು ಗುರುತು. ಮಧ್ಯಾಹ್ನ ಕಳೆದು ನೆರಳು ಮತ್ತೆ ಬೆಳೆದು ಇನ್ನೊಂದು ಬದಿಯಲ್ಲಿ ವೃತ್ತವನ್ನು ಮುಟ್ಟಿದಾಗ ಅಲ್ಲಿ ಎರಡನೆಯ ಗುರುತು. ಈ ಎರಡು ಗುರುತುಗಳನ್ನು ಕೂಡಿಸಿದ ಗೆರೆಯೇ ಪೂರ್ವ-ಪಶ್ಚಿಮ. ಆ ಎರಡು ಬಿಂದುಗಳಿಂದ ಎಳೆದ ಕಮಾನುಗೆರೆಗಳು ಒಂದನ್ನೊಂದು ಕತ್ತರಿಸುವ ಸ್ಥಳಗಳನ್ನು ಕೂಡಿಸಿದರೆ ಉತ್ತರ-ದಕ್ಷಿಣ. ಗೂಟ, ಹಗ್ಗ, ಬಿಸಿಲು ಇವಿಷ್ಟರಿಂದಲೇ ನಾಲ್ಕು ಮೂಲೆಗಳೂ ಸರಿಯಾದ ಕೋನಕ್ಕೆ ಬರುತ್ತಿದ್ದವು.

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಅರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದ ಮೂರನೆಯ ವಿಂಶತಿಯು ಗೃಹೋಪಭೋಗದಿಂದಲೇ ಆರಂಭವಾಗುತ್ತದೆ. ಸ್ನಾನ, ಅನ್ನ, ವಸ್ತ್ರಗಳ ಸುಖಕ್ಕಿಂತ ಮೊದಲು ಮನೆಯ ಸುಖವನ್ನು ಆ ಅರಸ ಇಟ್ಟಿದ್ದಾನೆ. ಗೋಡೆಗೆ ಚಿತ್ರ ಬರೆಯುವ ಸಂದರ್ಭದಲ್ಲಿಯೂ ಅವನು ಮೊದಲು ಹೇಳುವುದು ಗೋಡೆಯನ್ನು ಸಿದ್ಧಪಡಿಸುವ ಕ್ರಮವನ್ನು: ಚರ್ಮವನ್ನು ಬೇಯಿಸಿ ಮಾಡಿದ ವಜ್ರಲೇಪವೆಂಬ ಅಂಟನ್ನು ಬಿಳಿಯ ಮಣ್ಣಿನೊಡನೆ ಬೆರೆಸಿ ಮೂರು ಸಲ ಬಳಿದು ನಯಮಾಡಬೇಕು, ಅನಂತರವೇ ಕುಂಚ. ಮೊದಲಿನ ಕೆಲಸವನ್ನು ಅವಸರಿಸಿದರೆ ಕೊನೆಯ ಕೆಲಸ ನಿಲ್ಲದು ಎಂಬ ಮಾತು ಕಲ್ಯಾಣದ ಅರಸನಿಗೂ ತಿಳಿದಿತ್ತು.

ಕಲ್ಯಾಣದಲ್ಲಿ ನಮ್ಮ ಕಾಲದ ದೊಡ್ಡ ಶಂಕುಸ್ಥಾಪನೆಯೊಂದು 2021ರ ಜನವರಿ 6ರಂದು ನಡೆಯಿತು. ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ನೂತನ ಅನುಭವ ಮಂಟಪಕ್ಕೆ ಅಡಿಗಲ್ಲನ್ನಿಟ್ಟರು. ಏಳೂವರೆ ಎಕರೆ ನೆಲದಲ್ಲಿ 182 ಅಡಿ ಎತ್ತರದ ಕಟ್ಟಡ, ಶರಣರ ಸ್ಮರಣೆಗಾಗಿ 770 ಕಂಬಗಳು, 500 ಕೋಟಿ ರೂಪಾಯಿಗಳ ಅಂದಾಜು ವೆಚ್ಚ ಎಂದು ಆಗ ಪ್ರಕಟಿಸಲಾಯಿತು. ಇದಕ್ಕೂ ಹಿಂದೆ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಭಕ್ತರ ಕಾಣಿಕೆ ಮತ್ತು ಶ್ರಮಗಳಿಂದ ಅದೇ ಊರಿನಲ್ಲಿ ಅನುಭವ ಮಂಟಪವನ್ನು ಕಟ್ಟಿಸಿದ್ದರು. ಕಂಬಗಳು 770 ಇರಲಿ, ಬಡವನ ಪಡಸಾಲೆಯ ನಾಲ್ಕೇ ಇರಲಿ, ಅವು ನಿಲ್ಲಬೇಕಾದದ್ದು ನೆಲದ ಮೇಲೆ. ಆದುದರಿಂದ ಈ ನೆಲ ಎಂಥದು ಎಂಬುದನ್ನು ಈಗ ನೋಡೋಣ.

ಎರಡು ಬಗೆಯ ನೆಲ

ಬೀದರ ಜಿಲ್ಲೆಯ ಕೆಳಗೆ ದಖನ್ನಿನ ಕರಿಕಲ್ಲು ಹಾಸಿದೆ. ಬಹು ಪ್ರಾಚೀನ ಕಾಲದಲ್ಲಿ ಭೂಮಿ ಬಿರಿದು ಉಕ್ಕಿದ ಲಾವಾರಸ ಪದರು ಪದರಾಗಿ ಆರಿ ಆದ ಕಲ್ಲು ಅದು. ಬೀದರ ಮತ್ತು ಹುಮನಾಬಾದ ಸೀಮೆಯ ಎತ್ತರದ ಬಯಲುಗಳಲ್ಲಿ ಅದರ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲಿನ ದಪ್ಪ ಹೊದಿಕೆಯಿದೆ; ತಗ್ಗಿನ ಬಯಲುಗಳಲ್ಲಿ ಅದೇ ಕರಿಕಲ್ಲು ಶಿಥಿಲವಾಗಿ ಎರೆಮಣ್ಣಾಗಿದೆ. ಎರಡು ಹರದಾರಿ ನಡೆಯುವಷ್ಟರಲ್ಲಿ ನೆಲದ ಬಣ್ಣ ಬದಲಾಗುತ್ತದೆ; ಬಣ್ಣದೊಂದಿಗೆ ಬುನಾದಿಯ ಕ್ರಮವೂ ಬದಲಾಗಬೇಕು.

ಜಂಬಿಟ್ಟಿಗೆಯು ಮನೆ ಕಟ್ಟುವವನ ಮಿತ್ರ. ನೆಲದೊಳಗಿರುವಾಗ ಅದು ಮೆತ್ತಗಿದ್ದು ಉಳಿ-ಕೊಡಲಿಗಳಿಗೆ ಒಪ್ಪುತ್ತದೆ. ಹೊರಗೆ ಬಂದು ಗಾಳಿಬಿಸಿಲಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ಪ್ರವಾಸಿಯು ಇಂಥ ಕಲ್ಲನ್ನು ಮಲಬಾರಿನಲ್ಲಿ ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬರ್ಥದ ಶಬ್ದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಕನ್ನಡಿಗರು ಅದನ್ನು ಜಂಬಿಟ್ಟಿಗೆಯೆಂದು ಕರೆದಾಗ ಇಟ್ಟಿಗೆಯೆಂಬ ಅದೇ ಹೋಲಿಕೆ ಅವರ ಬಾಯಲ್ಲಿಯೂ ಬಂದಿತು. ಬೀದರ ಕೋಟೆಯ ಮೂರು ಸಾಲಿನ ಕಂದಕವನ್ನು ಈ ಕಲ್ಲಿನಲ್ಲಿಯೇ ಕಡಿದಿದ್ದಾರೆ. ಇಂಥ ನೆಲದಲ್ಲಿ ಬುನಾದಿಗೆ ಎರಡು ಮೂರು ಅಡಿ ಅಗೆದರೆ ಗಟ್ಟಿ ಸಿಗುವುದು ಸಾಮಾನ್ಯ.

ಎರೆಮಣ್ಣಿನ ಸ್ವಭಾವವೇ ಬೇರೆ. ಜೋಳಕ್ಕೂ ಕಡಲೆಗೂ ಅದು ತಾಯಿ; ಗೋಡೆಗೆ ಮಾತ್ರ ಮಲತಾಯಿ. ಅದರಲ್ಲಿರುವ ಜೇಡಿಯ ಕಣಗಳು ನೀರನ್ನು ಕುಡಿದು ಉಬ್ಬುತ್ತವೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತವೆ. ವೈಶಾಖದಲ್ಲಿ ಕೈ ತೂರುವಷ್ಟು ಬಿರುಕುಬಿಟ್ಟ ಹೊಲವನ್ನು ನೀವು ಕಂಡಿದ್ದೀರಿ. ಆ ಹೊಲ ಉಸಿರಾಡುತ್ತದೆ ಎನ್ನಬಹುದು. ಅದರ ಮೇಲೆ ಇಟ್ಟ ಗೋಡೆಯು ವರ್ಷಕ್ಕೊಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಎಲ್ಲ ಕಡೆ ಸಮವಾಗಿ ಏರಿಳಿಯದ ಕಾರಣ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ.

ಇಲ್ಲೊಂದು ಸೂಕ್ಷ್ಮವನ್ನು ಮನಗಾಣಬೇಕು. 6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ನೆಲದ ಪರೀಕ್ಷೆಯೊಂದಿದೆ. ಒಂದು ಮೊಳದ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸಮನಾದರೆ ಮಧ್ಯಮ, ಸಾಲದೆ ಹೋದರೆ ಅಧಮ. ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿ, ನೀರು ಇಳಿದಿಲ್ಲವಾದರೆ ಒಳ್ಳೆಯದೆಂಬ ಇನ್ನೊಂದು ಪರೀಕ್ಷೆಯೂ ಇದೆ. ಮೊದಲನೆಯದು ನೆಲ ಎಷ್ಟು ಒತ್ತಾಗಿದೆಯೆಂಬುದನ್ನೂ ಎರಡನೆಯದು ನೀರು ಎಷ್ಟು ಜಿನುಗುತ್ತದೆಯೆಂಬುದನ್ನೂ ತಿಳಿಸುತ್ತದೆ. ಆದರೆ ನಮ್ಮ ಎರೆಮಣ್ಣು ಈ ಎರಡರಲ್ಲಿಯೂ ಮೋಸಮಾಡಬಲ್ಲದು. ಬೇಸಿಗೆಯಲ್ಲಿ ಅಗೆದರೆ ಹೆಂಟೆ ಹೆಂಟೆಯಾಗಿ ಎದ್ದು ಗುಂಡಿ ತುಂಬಿಯೂ ಮಿಗುತ್ತದೆ. ಮಳೆಗಾಲದಲ್ಲಿ ನೀರೆರೆದರೆ ಬಿರುಕು ಮುಚ್ಚಿರುವುದರಿಂದ ನೀರು ಇಳಿಯುವುದೇ ಇಲ್ಲ. ಗ್ರಂಥದ ಪ್ರಕಾರ ಉತ್ತಮವಾದ ನೆಲ ಅನುಭವದ ಪ್ರಕಾರ ಅಧಮವಾಗಿರಬಹುದು. ಶಾಸ್ತ್ರವನ್ನು ಓದಿದರೆ ಸಾಲದು, ನೆಲವನ್ನೂ ಓದಬೇಕು.

ನೆಲವನ್ನು ಓದಬಲ್ಲವರು ಊರಿನಲ್ಲಿಯೇ ಇದ್ದರು. ಬಾವಿ ತೋಡಿದ ವಡ್ಡರಿಗೂ ಜೋಳ ತುಂಬುವ ಹಗೇವು ತೆಗೆದವರಿಗೂ ಎಷ್ಟು ಆಳಕ್ಕೆ ಎರೆ ಮುಗಿದು ಮೊರಂ ಬರುತ್ತದೆ, ಎಲ್ಲಿ ಒಸರು ಇದೆ ಎಂಬುದು ಕೈಯಳತೆಯಷ್ಟು ಪರಿಚಿತವಾಗಿತ್ತು. ಎರೆಯನ್ನು ಪೂರ್ತಿಯಾಗಿ ತೆಗೆದು ಮೊರಂ ಮುಟ್ಟುವವರೆಗೆ ಪಾಯ ತೋಡಬೇಕೆಂಬ ನಿಯಮ ಯಾವ ಗ್ರಂಥದಿಂದಲೂ ಬಂದದ್ದಲ್ಲ, ಅವರ ಗುದ್ದಲಿಯಿಂದ ಬಂದದ್ದು. ಕಲ್ಯಾಣಕ್ಕೆ ಹತ್ತಿರದ ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದಾಗ ಮಣ್ಣು ಹೊರುವ ಕಾಯಕಕ್ಕೆ ದೊರೆತ ಗೌರವವನ್ನು ಇಲ್ಲಿ ಸ್ಮರಿಸುವುದು ಉಚಿತ.

ಸ್ಥಳ ಆರಿಸುವುದರಲ್ಲಿಯೂ ಈ ವಿವೇಕ ಕಾಣುತ್ತದೆ. ಹುಮನಾಬಾದದ ಬಳಿ 1845ರಲ್ಲಿ ಮಾಣಿಕ ಪ್ರಭುಗಳು ನೆಲೆ ನಿಂತ ಮಾಣಿಕನಗರವು ಎರಡು ಹಳ್ಳಗಳ ಸಂಗಮದಲ್ಲಿದೆ. ಕುಡಿಯಲಿಕ್ಕೂ ಕಟ್ಟಲಿಕ್ಕೂ ನೀರು ಬೇಕು. ಪಾಯಕ್ಕೆ ಮಾತ್ರ ನೀರು ಬೇಡ. ಈ ಎರಡನ್ನೂ ಸಾಧಿಸಬಲ್ಲ ನೆಲವೇ ಒಳ್ಳೆಯ ನೆಲ.

ಗಚ್ಚು, ಖಣ, ಚೌಕಟ್ಟು

ಬಸವಕಲ್ಯಾಣದಲ್ಲಿ ಗಚ್ಚಿನಮಠವೆಂಬ ಮಠವೊಂದಿದೆ. ಗಚ್ಚು ಎಂದರೆ ಸುಣ್ಣದ ಗಾರೆ. ಊರೆಲ್ಲ ಮಣ್ಣಿನಲ್ಲಿ ಕಟ್ಟುತ್ತಿದ್ದ ಕಾಲದಲ್ಲಿ ಗಚ್ಚಿನ ಕಟ್ಟಡವೆಂದರೆ ಹೆಸರಾಗಿ ನಿಲ್ಲುವಷ್ಟು ದೊಡ್ಡ ಮಾತು. ವಿಚಿತ್ರವೆಂದರೆ ಗೋಡೆಯನ್ನು ಒಡೆಯುವ ಎರೆಮಣ್ಣಿನಲ್ಲಿಯೇ ಗೋಡೆಯನ್ನು ಹಿಡಿಯುವ ಸುಣ್ಣದ ಹರಳುಗಳೂ ದೊರೆಯುತ್ತವೆ. ಅವನ್ನು ಆಯ್ದು, ಭಟ್ಟಿಯಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ವಾರಗಟ್ಟಲೆ ಕೊಳೆಹಾಕಿ, ಮರಳು ಬೆರೆಸಿ, ಎತ್ತು ಕಟ್ಟಿದ ಗಾಣದ ಕಲ್ಲಿನಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನು ಬೆರೆಸುವುದೂ ಇತ್ತು. ಅವಸರದಲ್ಲಿ ಗಚ್ಚು ಆಗುತ್ತಿರಲಿಲ್ಲ. ಆದುದರಿಂದ ಮನೆ ಕಟ್ಟುವವನು ಕಲ್ಲು ತರುವುದಕ್ಕಿಂತ ಮೊದಲು ಸುಣ್ಣವನ್ನು ಕೊಳೆಹಾಕಬೇಕಾಗಿತ್ತು.

ಬಡವರಿಗೆ ಗಚ್ಚು ನಿಲುಕದು. ಅವರು ಕರಿಕಲ್ಲಿನ ಗುಂಡುಗಳನ್ನು ಮಣ್ಣಿನ ಕೆಸರಿನಲ್ಲಿ ಕೂರಿಸಿ ಎರಡೂವರೆ ಮೂರು ಅಡಿ ದಪ್ಪದ ಗೋಡೆ ಎಬ್ಬಿಸುತ್ತಿದ್ದರು. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಅದರ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯ ಉರಿಯಲ್ಲಿ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಕರ್ಲುಮಣ್ಣು ಹಾಕುವುದು ವರ್ಷ ವರ್ಷದ ಕೆಲಸ. ಹೀಗೆ ಹಾಕುತ್ತ ಹಾಕುತ್ತ ಮಾಳಿಗೆ ದಪ್ಪವಾಗುತ್ತ ಹೋಗುತ್ತಿತ್ತು.

ಅನುಕೂಲವುಳ್ಳವರು ಗೋಡೆ ಏಳುವ ಮೊದಲೇ ಮರದ ಕಂಬಗಳನ್ನು ಕಲ್ಲಿನ ಅಡಿಪೀಠದ ಮೇಲೆ ನಿಲ್ಲಿಸಿ, ತೊಲೆಗಳಿಂದ ಕೂಡಿಸಿ, ಖಣ ಖಣವಾಗಿ ಮನೆಯ ಎಲುಬುಗೂಡನ್ನು ಸಿದ್ಧಪಡಿಸುತ್ತಿದ್ದರು. ‘ಐದು ಖಣದ ಮನೆ’, ‘ಏಳು ಖಣದ ಮನೆ’ ಎಂದು ಮನೆಯನ್ನು ಅಳೆಯುವ ರೂಢಿ ಬಂದದ್ದು ಇದರಿಂದಲೇ. ಇಂಥ ಮನೆಯಲ್ಲಿ ಮಾಳಿಗೆಯ ಭಾರವನ್ನು ಕಂಬ ಹೊರುತ್ತದೆ. ಗೋಡೆ ಬರಿಯ ಮರೆ. ಮುಂದೆ ಬಡಿಗೇರರು ಮುಂಬಾಗಿಲ ಚೌಕಟ್ಟನ್ನು ತಂದು ನಿಲ್ಲಿಸುವ ದಿನ ಹೊಸ್ತಿಲಿಗೆ ಪೂಜೆ; ಬಡಿಗೇರನಿಗೂ ಗೌಂಡಿಗೂ ಉಡುಗೊರೆ. ಮನೆ ಕಣ್ಣಿಗೆ ಕಾಣತೊಡಗುವುದು ಅಂದಿನಿಂದ. ಆದರೆ ಅಷ್ಟರಲ್ಲಿ ಅದರ ಹಣೆಬರಹ ಬರೆದು ಆಗಿರುತ್ತದೆ.

ಕಿಲ್ಲಾರಿಯ ಬೆಳ್ಳಂಬೆಳಗು

ಆ ಹಣೆಬರಹವನ್ನು ನಮ್ಮ ಸೀಮೆಯ ಜನ ಕಣ್ಣಾರೆ ಓದಿದ್ದು 1993ರ ಸೆಪ್ಟೆಂಬರ್ 30ರಂದು. ಅನಂತ ಚತುರ್ದಶಿಯ ಗಣೇಶ ವಿಸರ್ಜನೆಯನ್ನು ಮುಗಿಸಿ ಜನರು ಮಲಗಿದ್ದರು. ನಸುಕಿನ ನಾಲ್ಕು ಗಂಟೆಗೆ ಕೆಲವೇ ನಿಮಿಷ ಮೊದಲು ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿಯ ಬಳಿ ಭೂಮಿ ನಡುಗಿತು. ಭೂಕಂಪದ ಪ್ರಮಾಣ 6.2 ಎಂದು ದಾಖಲಾಗಿದೆ. ಬಸವಕಲ್ಯಾಣದಿಂದ ಕಿಲ್ಲಾರಿ ನೇರ ಗೆರೆಯಲ್ಲಿ ಐವತ್ತು ಕಿಲೋಮೀಟರಿಗೂ ಕಡಿಮೆ ದೂರ. ನೆಲ ಅದೇ, ಕರಿಕಲ್ಲು ಅದೇ, ಮಾಳಿಗೆ ಅದೇ; ಭಾಷೆಯ ಗಡಿಯೊಂದು ಮಾತ್ರ ನಡುವೆ. ಮಡಿದವರು ಸುಮಾರು 10,000 ಎಂದು ಅಂದಾಜು. ಮುಂದೆ 52 ಹಳ್ಳಿಗಳನ್ನು ಬೇರೆ ಸ್ಥಳಗಳಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಅಂದಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿಯು ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು ಎಂಬುದನ್ನು ಮರೆಯಬಾರದು.

ಅಷ್ಟೊಂದು ಜನ ಸತ್ತದ್ದು ಭೂಮಿ ನಡುಗಿದ್ದರಿಂದಲ್ಲ, ಮನೆ ಬಿದ್ದದ್ದರಿಂದ. ಮೂರು ಅಡಿ ದಪ್ಪದ ಗೋಡೆ ಹೊರಗಿನಿಂದ ಕೋಟೆಯಂತೆ ಕಾಣುತ್ತದೆ; ವಾಸ್ತವವಾಗಿ ಅದು ಒಳಮುಖದ ಕಲ್ಲುಸಾಲು ಮತ್ತು ಹೊರಮುಖದ ಕಲ್ಲುಸಾಲು ಎಂಬ ಎರಡು ಗೋಡೆಗಳು; ನಡುವೆ ಚಿಕ್ಕ ಕಲ್ಲು ಮತ್ತು ಮಣ್ಣಿನ ತುಂಬು. ಎರಡನ್ನೂ ಹಿಡಿದಿಡುವ ಉದ್ದನೆಯ ಅಡ್ಡಗಲ್ಲುಗಳನ್ನು ಹಾಕದೆ ಹೋದಲ್ಲಿ ನಡುಕ ಬಂದಾಗ ಅವು ಒಂದು ಒಳಕ್ಕೆ, ಒಂದು ಹೊರಕ್ಕೆ ಬಿಚ್ಚಿಕೊಂಡವು. ಮೇಲಿದ್ದ ಮಾಳಿಗೆ ಕೆಳಗೆ ಬಂದಿತು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದೇ ಅಡಿ ದಪ್ಪ ಮಣ್ಣಿದ್ದರೂ ಅದರ ತೂಕ ಸುಮಾರು ನಾಲ್ಕೂವರೆ ಟನ್ ಆಗುತ್ತದೆ ಎಂಬುದನ್ನು ಲೆಕ್ಕಹಾಕಿ ನೋಡಿರಿ. ಅದೇ ಹಳ್ಳಿಗಳಲ್ಲಿ ಮರದ ಖಣದ ಮನೆಗಳು ಅನೇಕ ಕಡೆ ಗೋಡೆ ಬಿದ್ದರೂ ಕಂಬ-ತೊಲೆಗಳು ನಿಂತು ಒಳಗಿದ್ದವರನ್ನು ಕಾಪಾಡಿದವು.

ಅದೇ ವರ್ಷ ಭಾರತೀಯ ಮಾನಕ ಸಂಸ್ಥೆಯು ಇಂಥ ದುರ್ಬಲ ಕಲ್ಲುಗೋಡೆಗಳಿಗಾಗಿ ಹೊರತಂದ 13828ನೆಯ ಸಂಖ್ಯೆಯ ಸಂಹಿತೆಯು ಗೋಡೆಯ ಪ್ರತಿ ಎರಡು ಅಡಿ ಎತ್ತರಕ್ಕೊಮ್ಮೆ, ನಾಲ್ಕು ಅಡಿಗಿಂತ ಹೆಚ್ಚು ಅಂತರವಿಲ್ಲದಂತೆ, ಎರಡೂ ಮುಖಗಳನ್ನು ಹಿಡಿಯುವ ಕಲ್ಲನ್ನು ಹಾಕಬೇಕೆನ್ನುತ್ತದೆ. ಯೋಚಿಸಿರಿ: ಇದಕ್ಕೆ ಬೇಕಾದದ್ದು ಹಣವಲ್ಲ, ಉದ್ದನೆಯ ಕಲ್ಲನ್ನು ಆರಿಸಿ ಸರಿಯಾದ ಜಾಗದಲ್ಲಿ ಇಡುವ ಎಚ್ಚರ. ಗೋಡೆ ಎದ್ದು ಗಿಲಾವು ಆದಮೇಲೆ ಆ ಕಲ್ಲು ಇದೆಯೋ ಇಲ್ಲವೋ ಯಾರೂ ನೋಡಲಾರರು. ನೋಡುವುದು ಭೂಮಿ ಮಾತ್ರ.

ಇಂದಿನ ಮನೆ

ಇಪ್ಪತ್ತನೆಯ ಶತಮಾನದಲ್ಲಿ ಶಹಾಬಾದಿನಂಥ ಸ್ಥಳಗಳ ಸಿಮೆಂಟು ನಮ್ಮ ಹಳ್ಳಿಗಳನ್ನು ತಲುಪಿತು. ಕಬ್ಬಿಣದ ಸಲಾಕೆಯೂ ಬಂದಿತು. ಇಂದು ಮಾಳಿಗೆಯ ಮನೆಯನ್ನು ಹೊಸದಾಗಿ ಕಟ್ಟುವವರು ವಿರಳ. ಕಂಬ, ತೊಲೆ, ಚಪ್ಪಡಿಗಳ ಕಾಂಕ್ರೀಟಿನ ಮನೆಯೆಂದರೆ ಒಂದು ಅರ್ಥದಲ್ಲಿ ಹಳೆಯ ಖಣದ ಮನೆಯೇ. ಮರದ ಜಾಗದಲ್ಲಿ ಕಬ್ಬಿಣ ಬಂದಿದೆ. ಆದರೆ ವಸ್ತು ಗಟ್ಟಿಯಾದೊಡನೆ ನೆಲವೂ ಗಟ್ಟಿಯಾಯಿತೆಂಬ ಭ್ರಮೆ ಹುಟ್ಟಿದೆ. ಎರೆಮಣ್ಣು ಸಿಮೆಂಟಿಗೆ ಹೆದರುವುದಿಲ್ಲ.

ಅದನ್ನು ಗೆಲ್ಲುವ ಉಪಾಯಗಳನ್ನು ನಮ್ಮ ದೇಶದ ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಎರೆನೆಲಕ್ಕಾಗಿ ವಿಶೇಷ ಬಗೆಯ ಕಂಬದ ಬುನಾದಿಯನ್ನು ರೂಪಿಸಿತು. ನೆಲದಲ್ಲಿ ಸಾಮಾನ್ಯವಾಗಿ ಮೂರೂವರೆ ಮೀಟರಿನಷ್ಟು ಆಳಕ್ಕೆ ಕಿರಿದಾದ ರಂಧ್ರ ಕೊರೆದು, ಅದರ ಬುಡವನ್ನು ಗಡಿಗೆಯಂತೆ ಅಗಲಿಸಿ ಕಾಂಕ್ರೀಟ್ ತುಂಬುತ್ತಾರೆ. ಮೇಲಿನ ಮಣ್ಣು ಉಬ್ಬಲಿ, ಕುಗ್ಗಲಿ, ಬುಡ ಮಾತ್ರ ಕದಲದ ಪದರಿನಲ್ಲಿ ಊರಿ ನಿಂತಿರುತ್ತದೆ. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರೊ. ಆರ್. ಕೆ. ಕತ್ತಿಯವರು ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರವನ್ನು ಎರೆಯ ಮೇಲೆ ಹಾಸಿ ದಮ್ಮಸು ಮಾಡಿದರೆ ಅದರ ಉಬ್ಬುವಿಕೆ ಅಡಗುತ್ತದೆಂದು ತೋರಿಸಿದರು. ಮಲಪ್ರಭಾ ಕಾಲುವೆಯಲ್ಲಿ ಅದನ್ನು ಬಳಸಲಾಯಿತು. ಎರೆಯನ್ನು ತೆಗೆದು ಮೊರಂ ತುಂಬುತ್ತಿದ್ದ ವಡ್ಡರ ಹಳೆಯ ಅನುಭವಕ್ಕೂ ಈ ವಿದ್ಯೆಗೂ ಎಷ್ಟು ಹತ್ತಿರದ ನಂಟು!

ವಾಚಕರೇ, ಮನೆ ಕಟ್ಟುವ ಸಂಕಲ್ಪ ನಿಮ್ಮಲ್ಲಿದ್ದರೆ ಈ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಿರಿ. ನಕ್ಷೆ ಬರೆಸುವ ಮೊದಲು ನಿವೇಶನದ ಎರಡು ಮೂರು ಕಡೆ ಗುಂಡಿ ತೆಗೆಸಿ, ಗಟ್ಟಿ ನೆಲ ಎಷ್ಟು ಆಳದಲ್ಲಿದೆಯೆಂದು ಇಂಜಿನಿಯರರ ಕಣ್ಣಿಗೆ ಬೀಳಿಸಿರಿ. ನೆರೆಯವರ ಗೋಡೆಯ ಬಿರುಕುಗಳನ್ನು ನೋಡಿರಿ. ಅವು ನಿಮ್ಮ ನೆಲ ಬರೆದ ಶಾಸನಗಳು. ಪಾಯದಿಂದ ತೆಗೆದ ಎರೆಮಣ್ಣನ್ನೇ ಮತ್ತೆ ನೆಲಕ್ಕೆ ತುಂಬಲು ಬಿಡಬೇಡಿರಿ. ಮೊರಂ ತರಿಸಿ, ಪದರು ಪದರಾಗಿ ನೀರು ಹಾಕಿ ದಮ್ಮಸು ಮಾಡಿಸಿರಿ. ಮಳೆನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಸುತ್ತ ಇಳಿಜಾರು ಕೊಡಿಸಿರಿ. ಹಳೆಯ ಕಲ್ಲುಮನೆಯಲ್ಲಿರುವವರು ಮಾಳಿಗೆಯ ಮೇಲೆ ಇನ್ನಷ್ಟು ಮಣ್ಣು ಹೇರುವ ಬದಲು ಹಳೆಯದನ್ನು ಇಳಿಸಿ ಭಾರ ಕಡಿಮೆ ಮಾಡಿರಿ. ಉಬ್ಬಿದ ಗೋಡೆಯನ್ನು ಗಿಲಾವಿನಿಂದ ಮುಚ್ಚಬೇಡಿರಿ.

ಒಳ್ಳೆಯ ದಿನ, ಒಳ್ಳೆಯ ಗಳಿಗೆಗಾಗಿ ತಿಂಗಳುಗಟ್ಟಲೆ ಕಾಯುವವರು ಕಾಂಕ್ರೀಟು ನೀರುಣ್ಣಲು ಒಂದು ವಾರವನ್ನೂ ಕೊಡುವುದಿಲ್ಲ. ಎಲ್ಲ ದಿನವೂ ಒಳ್ಳೆಯ ದಿನವೆಂದು ನಂಬಿದ ಶರಣರ ನಾಡಿನಲ್ಲಿ ಇದು ಸೋಜಿಗವೇ ಸರಿ. ಗಳಿಗೆಗೆ ಕೊಡುವ ಗಮನದಲ್ಲಿ ಅರ್ಧದಷ್ಟನ್ನಾದರೂ ಗುಂಡಿಗೆ ಕೊಟ್ಟರೆ ಸಾಕು. ಗುದ್ದಲಿ ಪೂಜೆಯಲ್ಲಿ ಪೂಜೆ ಒಂದು ಗಳಿಗೆಯದು. ಗುದ್ದಲಿಯ ಕೆಲಸ ಮೂರು ತಲೆಮಾರಿನದು.

ಕಲ್ಯಾಣದ ಅರಸರು ಎತ್ತಿದ್ದು ಅಳಿಯಿತು. ಅಲ್ಲಿಯ ಗೂಟದ ನೆರಳು, ಗಡಿಯ ಇದ್ದಲು, ವಡ್ಡರ ಗುದ್ದಲಿ, ಗೌಂಡಿಯ ಉದ್ದನೆಯ ಕಲ್ಲು ಕಲಿಸಿದ ವಿವೇಕ ಮಾತ್ರ ಅಳಿಯಬೇಕಾಗಿಲ್ಲ. ಯಾರೂ ನೋಡದ ಕಡೆಯಲ್ಲಿ ಸರಿಯಾಗಿ ಮಾಡಿದ ಕೆಲಸವೇ ಕಾಯಕ. ಮನೆಯ ಮಟ್ಟಿಗೆ ಅಂಥ ಕಡೆಯೆಂದರೆ ಬುನಾದಿ. ಅಲ್ಲಿ ಪ್ರಾಮಾಣಿಕವಾಗಿ ಇಟ್ಟ ಒಂದೊಂದು ಕಲ್ಲೂ ನಿಮ್ಮ ಮೊಮ್ಮಕ್ಕಳು ನಿಶ್ಚಿಂತೆಯಿಂದ ನಿದ್ರಿಸುವ ಒಂದೊಂದು ರಾತ್ರಿಗೆ ಹೊಣೆಯಾಗಿ ನಿಲ್ಲುತ್ತದೆ.